ಕರೆಂಟ್ ಬಿಲ್ ಯಾವ ಹೆಡ್ಡಿಗೆ?

ಸಿರುಗುಪ್ಪದ ಗದ್ದೆಯಿಂದ ಅಗೆದು ತಂದ ಒಂದು ಕಿಲೋ ಎರೆಮಣ್ಣು ಬಳ್ಳಾರಿಯ ಪ್ರಯೋಗಾಲಯದಲ್ಲಿ ಒಣಗಿ, ಕುಟ್ಟಿಸಿಕೊಂಡು, ಜರಡಿಯಾಡಿ, ಕೊನೆಗೆ ಕೋಷ್ಟಕದಲ್ಲಿ ಒಂದು ಅಂಕಿಯಾಗಿ ಕೂರಲು ಎಷ್ಟು ಖರ್ಚಾಗುತ್ತದೆ? ಸಂಶೋಧನಾ ಯೋಜನೆಗೆ ಅರ್ಜಿ ಬರೆಯುವ ಮೇಷ್ಟರಿಗೆ ಇದರ ಅರ್ಧ ಉತ್ತರ ಬಾಯಿಪಾಠ. ಜೀಪಿನ ಬಾಡಿಗೆ ಪ್ರಯಾಣದ ಹೆಡ್ಡಿಗೆ, ರಾಸಾಯನಿಕ, ಗಾಜಿನ ಸಾಮಾನು ಕನ್ಸ್ಯೂಮಬಲ್ಸ್‌ಗೆ, ಮಣ್ಣು ತುಂಬಿ ಚೀಟಿ ಅಂಟಿಸಿದ ಹುಡುಗನ ಫೆಲೋಶಿಪ್ಪು ಮ್ಯಾನ್‌ಪವರ್‌ಗೆ, ಹೊಸ ಮೀಟರು ಎಕ್ವಿಪ್‌ಮೆಂಟ್‌ಗೆ.

ಉಳಿದ ಅರ್ಧ ಯಾವ ಹೆಡ್ಡಿಗೂ ಹೊಂದುವುದಿಲ್ಲ. ಮಣ್ಣು ಹರವಿದ ಕೋಣೆ, ಓವನ್ ಎಳೆದ ಕರೆಂಟು, ಏಪ್ರಿಲ್-ಮೇ ತಿಂಗಳ ಬಳ್ಳಾರಿ ಬಿಸಿಲಿನಲ್ಲಿ ಯಂತ್ರ ಕೆಡದಂತೆ ಓಡಿಸಿದ ಎಸಿ, ವೋಲ್ಟೇಜ್ ಕೈಕೊಟ್ಟಾಗ ಹಿಡಿದು ನಿಲ್ಲಿಸಿದ ಯುಪಿಎಸ್ಸಿನ ಬ್ಯಾಟರಿ, ಕೊಟೇಶನ್ ತರಿಸಿ ಕಡತ ಮಂಡಿಸಿದ ಗುಮಾಸ್ತ, ಹಣ ಬಳಕೆಯ ಪ್ರಮಾಣಪತ್ರಕ್ಕೆ, ಅಂದರೆ ಯುಸಿಗೆ, ಸಹಿ ಹಾಕಿದ ಹಣಕಾಸು ಅಧಿಕಾರಿ, ಕಟ್ಟಡ ಗುಡಿಸಿದವರು, ರಾತ್ರಿಯ ಕಾವಲಿನವನು. ಇವರೆಲ್ಲರೂ ಆ ಅಂಕಿಗಾಗಿ ದುಡಿದಿದ್ದಾರೆ. ಆದರೆ ಇಷ್ಟು ದುಡಿಮೆ ಈ ಯೋಜನೆಗೆ, ಇಷ್ಟು ಪಕ್ಕದ ಯೋಜನೆಗೆ ಎಂದು ಅಳೆದು ಕೊಡುವವರಿಲ್ಲ. ಅದಕ್ಕಾಗಿ ಮಂಜೂರಾತಿ ಆದೇಶದ ಕೋಷ್ಟಕದ ತಳದಲ್ಲಿ ಒಂದೇ ಒಂದು ಸಾಲು ಇರುತ್ತದೆ: ಓವರ್‌ಹೆಡ್. ಕನ್ನಡದಲ್ಲಿ ಪರೋಕ್ಷ ವೆಚ್ಚ ಎಂದು ಬರೆಯಬಹುದು, ಆದರೆ ವಿಶ್ವವಿದ್ಯಾಲಯದ ಕಾರಿಡಾರಿನಲ್ಲಿ ಹಾಗೆ ಅಂದವರನ್ನು ನಾನು ಕಂಡಿಲ್ಲ.

ಈ ಒಂದು ಸಾಲಿನ ಮೇಲೆ 2025ರಲ್ಲಿ ಅಮೆರಿಕದ ವಿಶ್ವವಿದ್ಯಾಲಯಗಳು ಕೋರ್ಟು ಮೆಟ್ಟಿಲೇರಿದವು. ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆ, ಅಂದರೆ ಎನ್ಐಎಚ್, ಫೆಬ್ರುವರಿ 7ರ ಶುಕ್ರವಾರ ಒಂದು ಸುತ್ತೋಲೆ ಹೊರಡಿಸಿತು. ಸೋಮವಾರದಿಂದಲೇ ಎಲ್ಲ ಸಂಸ್ಥೆಗಳಿಗೂ ಓವರ್‌ಹೆಡ್ ಶೇ 15 ಮಾತ್ರ, ಹೊಸ ಅನುದಾನಕ್ಕೂ ಸೈ, ಈಗಾಗಲೇ ನಡೆಯುತ್ತಿರುವುದಕ್ಕೂ ಸೈ ಎಂಬುದು ಅದರ ಸಾರ. ಅಲ್ಲಿಯವರೆಗೆ ಸರಾಸರಿ ದರ ಶೇ 27-28ರಷ್ಟಿತ್ತು, ಕೆಲವು ದೊಡ್ಡ ಸಂಸ್ಥೆಗಳದು 60ನ್ನೂ ದಾಟಿತ್ತು. ಈ ಸುದ್ದಿಯನ್ನು ಬಳ್ಳಾರಿಯಲ್ಲಿ ಕೂತು ಓದುವವರಿಗೆ ಮೊದಲು ಬರುವುದು ನಗು. ಹದಿನೈದಕ್ಕೆ ಇಳಿಸಿದರೆ ಅಳುತ್ತಾರಾ? ನಮಗೆ ಹತ್ತೇ ಗತಿ!

ಆ ನಗುವಿನಲ್ಲಿ ಒಂದು ತಪ್ಪು ಲೆಕ್ಕ ಅಡಗಿದೆ. ಓವರ್‌ಹೆಡ್ಡಿನಲ್ಲಿ ಶೇಕಡಾ ಎಷ್ಟು ಎನ್ನುವುದು ಎಲ್ಲಕ್ಕಿಂತ ಕಡಿಮೆ ಹೇಳುವ ಸಂಖ್ಯೆ. ಯಾವುದರ ಮೇಲಿನ ಶೇಕಡಾ, ಯಾವ ತಾರೀಖಿನಿಂದ, ಯಾರ ಖಾತೆಗೆ ಎಂಬ ಮೂರು ಪ್ರಶ್ನೆ ಕೇಳದಿದ್ದರೆ ಹತ್ತೂ ಅರವತ್ತೂ ಬರಿಯ ಅಂಕಿ.

ಯಾವುದರ ಮೇಲೆ?

ಪಾಲಿಗೆ ಹೊಲ ಮಾಡುವವರಿಗೆ ಇದು ಹೊಸ ಮಾತಲ್ಲ. ಅರ್ಧ ಪಾಲು ಎಂದು ಇಬ್ಬರೂ ಒಪ್ಪಿರುತ್ತಾರೆ. ಜಗಳ ಹುಟ್ಟುವುದು ಬೀಜ, ಗೊಬ್ಬರ, ಕೊಯ್ಲಿನ ಖರ್ಚು ಕಳೆದ ಮೇಲಿನ ಅರ್ಧವೋ, ರಾಶಿಯ ಅರ್ಧವೋ ಎಂಬಲ್ಲಿ.

ಅಮೆರಿಕದಲ್ಲಿ ಶೇ 60 ಅಂದರೆ ನೇರ ವೆಚ್ಚದ ಮೇಲೆ ಸೇರಿಸುವ ಅರವತ್ತು. 100 ಡಾಲರ್ ಕೆಲಸಕ್ಕೆ 60 ಓವರ್‌ಹೆಡ್, ಒಟ್ಟು 160. ಬಂದ ಹಣದಲ್ಲಿ ಸಂಸ್ಥೆಯ ಪಾಲು 37.5ರಷ್ಟಾಯಿತು, ಅರವತ್ತಲ್ಲ. ಆ ನೂರರಿಂದಲೂ ದುಬಾರಿ ಯಂತ್ರಗಳ ಬೆಲೆ, ವಿದ್ಯಾರ್ಥಿಗಳ ಶುಲ್ಕ, ಬೇರೆ ಸಂಸ್ಥೆಗೆ ಹಂಚಿಕೊಟ್ಟ ಮೊತ್ತದ ಬಹುಪಾಲನ್ನು ಮೊದಲೇ ತೆಗೆದಿಟ್ಟಿರುತ್ತಾರೆ. ಇನ್ನೊಂದು ಸೂಕ್ಷ್ಮವಿದೆ. ಕೆಲಸ ಆವರಣದ ಹೊರಗೆ ನಡೆದರೆ ದರ ಬೇರೆ. ಅನೇಕ ವಿವಿಗಳಲ್ಲಿ ಅದು ಶೇ 26. ಆ 26ಕ್ಕೂ ಒಂದು ಕತೆಯಿದೆ. 1990-91ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಓವರ್‌ಹೆಡ್ ಖಾತೆ ತಡಕಿದಾಗ ವಿಹಾರದೋಣಿಯ ಸವಕಳಿ, ಅಧ್ಯಕ್ಷರ ಮನೆಯ ಹೂವಿನ ಖರ್ಚು ಕೂಡ ಅದರಲ್ಲಿ ಸಿಕ್ಕಿ ದೊಡ್ಡ ಗಲಾಟೆಯಾಯಿತು. ಅದರ ಬೆನ್ನಿಗೇ ಆಡಳಿತ ವೆಚ್ಚದ ಭಾಗಕ್ಕೆ 26ರ ಮಿತಿ ಬಿತ್ತು. ಕಟ್ಟಡ, ವಿದ್ಯುತ್ತು, ಗ್ರಂಥಾಲಯದ ಭಾಗಕ್ಕೆ ಮಿತಿಯಿಲ್ಲ. ಲೆಕ್ಕ ತೋರಿಸಿ ಸರ್ಕಾರದೊಂದಿಗೆ ಚೌಕಾಸಿ ಮಾಡಬೇಕು.

ನಮ್ಮಲ್ಲಿ ಚೌಕಾಸಿಯೇ ಇಲ್ಲ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಬಹುಕಾಲ ನಡೆಸಿಕೊಂಡು ಬಂದ ನಿಯಮ ಹೀಗೆ: 1 ಕೋಟಿ ರೂಪಾಯಿವರೆಗಿನ ಯೋಜನೆಗೆ ಶಿಕ್ಷಣ ಸಂಸ್ಥೆಗಳಿಗೂ ಸ್ವಯಂಸೇವಾ ಸಂಸ್ಥೆಗಳಿಗೂ ಒಟ್ಟು ವೆಚ್ಚದ ಶೇ 10, ಕೇಂದ್ರ ಸರ್ಕಾರದ ಅಧೀನದ ಪ್ರಯೋಗಾಲಯಗಳಿಗೆ ಶೇ 8. ಒಂದರಿಂದ ಐದು ಕೋಟಿಯವರೆಗೆ ಶೇ 10 ಅಥವಾ 15 ಲಕ್ಷ, ಎರಡರಲ್ಲಿ ಕಡಿಮೆಯಾದದ್ದು. ಐದರಿಂದ ಇಪ್ಪತ್ತು ಕೋಟಿಯವರೆಗೆ 20 ಲಕ್ಷ.

ಬಳ್ಳಾರಿ ನಗರ ಒಂದರಲ್ಲೇ ಈ ಎರಡೂ ದರಗಳ ಮನೆಗಳಿವೆ. ದಂಡು ಪ್ರದೇಶದಲ್ಲಿ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ. 2010ರಲ್ಲಿ ಗುಲಬರ್ಗಾ ವಿವಿಯಿಂದ ಬೇರೆಯಾಗಿ ಹುಟ್ಟಿದ್ದು, ನಿಯಮದ ಪ್ರಕಾರ ಹತ್ತರ ಮನೆ. ಅದೇ ಊರಲ್ಲಿ ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ (ಐಸಿಎಆರ್) ಮಣ್ಣು ಮತ್ತು ನೀರು ಸಂರಕ್ಷಣಾ ಸಂಸ್ಥೆಯ ಸಂಶೋಧನಾ ಕೇಂದ್ರವಿದೆ. 1954ರಿಂದ ಒಣಭೂಮಿಯ ಎರೆಮಣ್ಣಿನ ಕೊಚ್ಚಣೆ ಅಳೆಯುತ್ತ ಬಂದಿರುವ ಅದು ಎಂಟರ ಮನೆ. ಕೇಂದ್ರದ ಲ್ಯಾಬುಗಳಿಗೆ ಸಂಬಳ, ಕಟ್ಟಡ, ಕರೆಂಟು ಕೇಂದ್ರದ ಖಜಾನೆಯಿಂದಲೇ ಬರುತ್ತದೆ, ಆದ್ದರಿಂದ ಎರಡು ಕಡಿಮೆ ಸಾಕು ಎಂಬ ತರ್ಕ ಕಾಣುತ್ತದೆ. ಸರಿ. ಆದರೆ ಆ ಎಲ್ಲ ಆಸರೆಗೂ ವಿಶ್ವವಿದ್ಯಾಲಯದ ಬಡತನಕ್ಕೂ ನಡುವಿನ ಅಂತರ ಶೇಕಡಾ ಎರಡೇ ಎಂದು ಯಾರು ತೂಗಿದರು?

ಐದು ಕೋಟಿಯ ಯೋಜನೆಗೆ 15 ಲಕ್ಷ ಎಂದರೆ ಶೇ 3. ಇಪ್ಪತ್ತು ಕೋಟಿಗೆ 20 ಲಕ್ಷ ಎಂದರೆ ಶೇ 1. ಕಾಗದದ ಮೇಲಿನ ಹತ್ತು ಹೀಗೆ ಒಂದಕ್ಕೆ ಕುಗ್ಗುತ್ತದೆ. ಈ ಗರಿಷ್ಠ ಮಿತಿಯ ಏಟು ಬೆಂಗಳೂರಿನ ದೊಡ್ಡ ಸಂಸ್ಥೆಗಳಿಗೆ ತಾಗುವಂಥದ್ದು. ಬಳ್ಳಾರಿಯಂಥ ಊರಿನ ನೋವು ಇದರ ತಿರುವುಮುರುವು. ಇಲ್ಲಿಗೆ ಬರುವುದು ಸಣ್ಣ ಸಣ್ಣ ಯೋಜನೆಗಳು. ರಾಜ್ಯ ವಿಶ್ವವಿದ್ಯಾಲಯಗಳಿಗೆಂದೇ ಕೇಂದ್ರದ ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನಾ ಮಂಡಳಿ (ಸರ್ಬ್) 2022ರಲ್ಲಿ ತಂದ ‘ಶ್ಯೂರ್’ ಯೋಜನೆಯಲ್ಲಿ ಮೂರು ವರ್ಷಕ್ಕೆ ಗರಿಷ್ಠ 30 ಲಕ್ಷ, ಜೊತೆಗೆ ಓವರ್‌ಹೆಡ್. ಹತ್ತರ ಲೆಕ್ಕದಲ್ಲಿ ಅದು ವರ್ಷಕ್ಕೆ ಒಂದು ಲಕ್ಷ, ತಿಂಗಳಿಗೆ 8,300 ಚಿಲ್ಲರೆ. ಗಣಿತದವರ ‘ಮ್ಯಾಟ್ರಿಕ್ಸ್’ನಲ್ಲಿ ಸಂಶೋಧಕರಿಗೆ ವರ್ಷಕ್ಕೆ 2 ಲಕ್ಷ, ಸಂಸ್ಥೆಗೆ 20,000. ಕಾಲೇಜು, ರಾಜ್ಯ ವಿವಿಗಳ ಅಧ್ಯಾಪಕರು ದೊಡ್ಡ ಲ್ಯಾಬಿಗೆ ಹೋಗಿ ಸಂಶೋಧನೆ ಮಾಡಲು ಅನುವಾಗುವ ‘ಟೇರ್’ನಲ್ಲಿ ವರ್ಷಕ್ಕೆ 50,000 ಓವರ್‌ಹೆಡ್.

ಇಪ್ಪತ್ತು ಸಾವಿರ ಓವರ್‌ಹೆಡ್ಡಿನ ಆ ಯೋಜನೆಗೂ ಒಂದು ಕಡತ ಬೇಕು, ಪ್ರತ್ಯೇಕ ಖಾತೆ ಬೇಕು, ಖರೀದಿ ಸಮಿತಿ ಬೇಕು, ವರ್ಷಕ್ಕೊಮ್ಮೆ ಖರ್ಚಿನ ತಃಖ್ತೆ, ಜಿಎಫ್ಆರ್ 12ಎ ನಮೂನೆಯಲ್ಲಿ ಯುಸಿ, ಆಡಿಟ್ ಬೇಕು. ಎರಡು ಕೋಟಿಯ ಯೋಜನೆಗೂ ಅಷ್ಟೇ ಬೇಕು. ಯೋಜನೆ ಹತ್ತನೇ ಒಂದು ಭಾಗವಾದರೆ ಗುಮಾಸ್ತನ ಕೆಲಸ ಹತ್ತನೇ ಒಂದು ಭಾಗವಾಗುವುದಿಲ್ಲ. ಎಲ್ಲರಿಗೂ ಒಂದೇ ಶೇಕಡಾ ಎನ್ನುವ ನಿಯಮದಲ್ಲಿ ಸಣ್ಣ ಯೋಜನೆಗಳ ಗೊಂಚಲನ್ನು ಹೊತ್ತ ಸಂಸ್ಥೆಯೇ ಹೆಚ್ಚು ಸೋಲುತ್ತದೆ. ಈ ಅನ್ಯಾಯವನ್ನು ಯಾರೂ ಯೋಜಿಸಿ ಮಾಡಿದ್ದಲ್ಲ. ಗುಣಾಕಾರ ಮಾಡಿದವರು ಕಡತ ಹೊತ್ತಿರಲಿಲ್ಲ, ಅಷ್ಟೆ.

ವಿಷಯಕ್ಕೂ ವಿಷಯಕ್ಕೂ ವ್ಯತ್ಯಾಸವಿದೆ. ಕುರುಗೋಡನ್ನೇ ತೆಗೆದುಕೊಳ್ಳಿ. ದೊಡ್ಡಬಸವೇಶ್ವರನ ಈ ಊರು ಒಂದು ಕಾಲಕ್ಕೆ ಸಿಂದರ ಆಳ್ವಿಕೆಯ ನೆಲೆ. ಶಾಸನ, ಗುಡಿ, ಕೋಟೆ ಎಲ್ಲವೂ ಬೆಟ್ಟದ ಸುತ್ತಲೇ. ಇತಿಹಾಸ ವಿಭಾಗದವರು ಇಲ್ಲಿ ಶಾಸನಗಳ ಮರುಓದಿಗೆ ಯೋಜನೆ ಹಾಕಿಕೊಂಡರೆ ಬೇಕಾಗುವುದು ಕ್ಯಾಮೆರಾ, ಪ್ರಯಾಣ, ಓದಬಲ್ಲ ಕಣ್ಣು. ವಿಶ್ವವಿದ್ಯಾಲಯದ ಮೀಟರು ಅವರಿಗಾಗಿ ಹೆಚ್ಚು ತಿರುಗುವುದಿಲ್ಲ. ಅದೇ ಕುರುಗೋಡಿನ ಮೆಣಸಿನಕಾಯಿ ಹೊಲದಲ್ಲಿ ಕೀಟನಾಶಕದ ಉಳಿಕೆ ಹುಡುಕುವ ಯೋಜನೆಗೆ ಹಗಲು ರಾತ್ರಿ ಫ್ರೀಜರ್ ಓಡಬೇಕು, ದ್ರಾವಕದ ಹೊಗೆ ಹೊರಹಾಕಬೇಕು, ಅಪಾಯದ ತ್ಯಾಜ್ಯವನ್ನು ದುಡ್ಡು ಕೊಟ್ಟು ಸಾಗಿಸಬೇಕು. ಮೊದಲನೆಯದಕ್ಕೆ ಶೇ 10 ಸಾಕಾಗಿ ಮಿಗಬಹುದು, ಎರಡನೆಯದಕ್ಕೆ ಮೂಗಿಗೂ ಸಾಲದು. ಸಮಾಜವಿಜ್ಞಾನದ ಐಸಿಎಸ್‌ಎಸ್‌ಆರ್ ಶೇಕಡಾದ ಜೊತೆ ಒಂದು ಲಕ್ಷದ ಗರಿಷ್ಠ ಮಿತಿ ಇಟ್ಟಿರುವುದು ಬಹುಶಃ ಈ ಅಂದಾಜಿನ ಮೇಲೆಯೇ.

ಯಾವ ತಾರೀಖಿನಿಂದ?

ದರ ಬದಲಾದಾಗ ನಡೆಯುತ್ತಿರುವ ಯೋಜನೆಯ ಗತಿ ಏನು? ಅಮೆರಿಕದ ನಿಯಮ ಸ್ಪಷ್ಟ: ಅನುದಾನ ಮೊದಲು ಮಂಜೂರಾದ ದಿನ ಸಂಸ್ಥೆಯ ದರ ಎಷ್ಟಿತ್ತೋ ಆ ಅನುದಾನ ಮುಗಿಯುವವರೆಗೂ ಅಷ್ಟೇ. ಸಂಸ್ಥೆಯ ದರ ಮಧ್ಯದಲ್ಲಿ ಏರಿದರೂ ಹಳೆಯದು, ಇಳಿದರೂ ಹಳೆಯದು. ಹೀಗಾಗಿ ಒಂದೇ ಪ್ರಾಧ್ಯಾಪಕರ ಮೂರು ಯೋಜನೆಗಳು ಮೂರು ದರದಲ್ಲಿ ಓಡುವುದುಂಟು. ಲೆಕ್ಕ ವಿಭಾಗದ ತಲೆನೋವು ಅದು, ಆದರೆ ಮೂರು ವರ್ಷದ ಹಿಂದೆ ಕೊಟ್ಟ ಮಾತು ಉಳಿಯುತ್ತದೆ. ಎನ್ಐಎಚ್‌ನ ಸುತ್ತೋಲೆ ಈ ಮಾತನ್ನೇ ಮುರಿಯಹೊರಟಿತ್ತು. ಇಂಥ ಏಕಪಕ್ಷೀಯ ಬದಲಾವಣೆ ಬೇಡವೆಂದು ಅಲ್ಲಿನ ಸಂಸತ್ತು ವರ್ಷವರ್ಷವೂ ಬಜೆಟ್ ಕಾನೂನಿನಲ್ಲಿ ಬರೆಯುತ್ತ ಬಂದಿತ್ತು. ಬಾಸ್ಟನ್‌ನ ಫೆಡರಲ್ ನ್ಯಾಯಾಲಯ 2025ರ ಏಪ್ರಿಲ್‌ನಲ್ಲಿ ಸುತ್ತೋಲೆಗೆ ಶಾಶ್ವತ ತಡೆ ಕೊಟ್ಟಿತು. 2026ರ ಜನವರಿಯಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ತಮಾಷೆಯೆಂದರೆ, ಚೌಕಾಸಿ ಮಾಡುವ ತಾಕತ್ತಿಲ್ಲದ ಸಣ್ಣ ಸಂಸ್ಥೆಗಳಿಗೆ ಅದೇ ದೇಶ 2024ರ ಅಕ್ಟೋಬರ್ 1ರಿಂದ ಕನಿಷ್ಠ ದರವನ್ನು ಶೇ 10ರಿಂದ 15ಕ್ಕೆ ಏರಿಸಿತ್ತು. ಒಬ್ಬರಿಗೆ ನೆಲವಾಗಿದ್ದ ಹದಿನೈದು ಇನ್ನೊಬ್ಬರಿಗೆ ಛಾವಣಿಯಾಗಿ ಬಂತು.

ನಮ್ಮಲ್ಲಿ ಮಂಜೂರಾತಿ ಆದೇಶದಲ್ಲಿ ಓವರ್‌ಹೆಡ್ ರೂಪಾಯಿ ಮೊತ್ತವಾಗಿಯೇ ಅಚ್ಚಾಗಿರುತ್ತದೆ. ಹಾಗಾಗಿ ದರ ಬದಲಾದರೆ ಹಳೆಯ ಯೋಜನೆಗೆ ತಾಗದು ಎಂದು ಸಮಾಧಾನಪಟ್ಟುಕೊಳ್ಳಬಹುದು. ಆದರೆ ಆ ಮೊತ್ತ ಕೊಳ್ಳಬಲ್ಲ ವಸ್ತುವಿನ ಬೆಲೆ ಬೇರೆ ದಾರಿಯಿಂದ ಬದಲಾಗುತ್ತದೆ. 2022ರ ಜುಲೈ 18ರವರೆಗೆ ಸಾರ್ವಜನಿಕ ಸಂಶೋಧನಾ ಸಂಸ್ಥೆಗಳು ಕೊಳ್ಳುವ ವೈಜ್ಞಾನಿಕ ಉಪಕರಣಕ್ಕೆ ಶೇ 5 ಜಿಎಸ್‌ಟಿ ರಿಯಾಯಿತಿಯಿತ್ತು. ಅದು ರದ್ದಾಗಿ ಸಾಮಾನ್ಯವಾಗಿ ಶೇ 18 ಬಂತು. 10 ಲಕ್ಷದ ಯಂತ್ರದ ಮೇಲಿನ ತೆರಿಗೆ 50,000ದಿಂದ 1.8 ಲಕ್ಷಕ್ಕೆ ಜಿಗಿಯಿತು. ತೆರಿಗೆಗೆ ಮಂಜೂರಾದ ದಿನ ಲೆಕ್ಕಕ್ಕಿಲ್ಲ, ಬಿಲ್ಲಿನ ದಿನವೇ ದಿನ. ಆ ಹೆಚ್ಚುವರಿ 1.3 ಲಕ್ಷ, ಮೇಲೆ ಹೇಳಿದ ‘ಶ್ಯೂರ್’ ಯೋಜನೆಯ ಒಂದು ವರ್ಷದ ಓವರ್‌ಹೆಡ್ಡಿಗಿಂತ ದೊಡ್ಡದು. ಟೆಂಡರ್ ಕರೆದು ಆರು ತಿಂಗಳು ಕಾದವರು ದಂಡ ತೆತ್ತರು. ಮುಂದೆ 2024ರ ಆಗಸ್ಟಿನಲ್ಲಿ ದಿಲ್ಲಿ ಐಐಟಿಗೆ ಸಂಶೋಧನಾ ಅನುದಾನದ ಮೇಲೆಯೇ 120 ಕೋಟಿ ರೂಪಾಯಿಯ ಜಿಎಸ್‌ಟಿ ನೋಟಿಸು ಹೋದಾಗ ದೇಶವೆಲ್ಲ ಮಾತಾಡಿತು. ಸೆಪ್ಟೆಂಬರ್ 9ರ ಜಿಎಸ್‌ಟಿ ಮಂಡಳಿ ಸಭೆ ಅನುದಾನಗಳಿಗೆ ವಿನಾಯಿತಿ ಸಾರಿತು. ಉಪಕರಣದ ಹದಿನೆಂಟರ ಬಗ್ಗೆ ಅಷ್ಟು ದೊಡ್ಡ ದನಿ ಎದ್ದಿರಲಿಲ್ಲ.

ಫೆಲೋಶಿಪ್ಪಿನದು ಇನ್ನೊಂದು ಬಗೆ. 2023ರ ಜೂನ್ ಆದೇಶದಲ್ಲಿ ಜೆಆರ್‌ಎಫ್ 31,000ದಿಂದ 37,000ಕ್ಕೆ, ಎಸ್‌ಆರ್‌ಎಫ್ 35,000ದಿಂದ 42,000ಕ್ಕೆ ಏರಿತು. ಜಾರಿ ಮಾತ್ರ ಜನವರಿ 1ರಿಂದ ಹಿಂದಕ್ಕೆ. ಒಳ್ಳೆಯದೇ ಆಯಿತು. ಆದರೆ ಕೆಲಸ ಮಾಡುವವರ ದರ ಹಿಂದಿನ ತಾರೀಖಿನಿಂದ ಏರಬಹುದಾದರೆ, ಅವರು ಕೂರುವ ಕೋಣೆಯ ಖರ್ಚು ಯಾವ ತಾರೀಖಿನಿಂದಲೂ ಏರದಿರುವುದು ವಿಚಿತ್ರ.

ದರ ಬದಲಾವಣೆ ನಡುಬೆಳೆಯಲ್ಲಿ ಬಿದ್ದದ್ದಕ್ಕೆ ಇನ್ನೂ ನೇರ ಉದಾಹರಣೆ ವಿದೇಶಿ ದೇಣಿಗೆಯದು. ಬಳ್ಳಾರಿ ಜಿಲ್ಲೆಗೆ ಇದು ದೂರದ ಮಾತಲ್ಲ. ಗೇಟ್ಸ್ ಪ್ರತಿಷ್ಠಾನದ ಹಣದಿಂದ ಕರ್ನಾಟಕ ಆರೋಗ್ಯ ಸಂವರ್ಧನಾ ಟ್ರಸ್ಟ್ ಮತ್ತು ಕೆನಡಾದ ಮ್ಯಾನಿಟೋಬ ವಿವಿ ನಡೆಸಿದ ತಾಯಿ-ಮಗುವಿನ ಆರೋಗ್ಯದ ‘ಸುಕ್ಷೇಮ’ ಯೋಜನೆ ಉತ್ತರ ಕರ್ನಾಟಕದ ಎಂಟು ಜಿಲ್ಲೆಗಳಲ್ಲಿ ನಡೆಯಿತು, ಬಳ್ಳಾರಿ ಅದರಲ್ಲೊಂದು. ಆ ಪ್ರತಿಷ್ಠಾನದ ನಿಯಮದಲ್ಲಿ ವಿಶ್ವವಿದ್ಯಾಲಯಕ್ಕೆ ಹೆಚ್ಚೆಂದರೆ ಶೇ 10, ಸ್ವಯಂಸೇವಾ ಸಂಸ್ಥೆಗೆ 15, ಸರ್ಕಾರಿ ಅಂಗಕ್ಕೆ ಸೊನ್ನೆ. ಅಂದರೆ ಕೆಲಸ ಒಂದೇ ಆದರೂ ಸರ್ಕಾರಿ ಕಚೇರಿಯ ಕರೆಂಟು ಬಿಟ್ಟಿ ಎಂದೇ ಭಾವನೆ. ಇಲ್ಲಿ ಕೊಡುವವರು ದರ ಕಟ್ಟಿದರೆ, ನಮ್ಮ ಕಾನೂನು ಪಡೆಯುವವರಿಗೆ ಮಿತಿ ಕಟ್ಟಿತು. 2020ರ ಸೆಪ್ಟೆಂಬರ್‌ನಲ್ಲಿ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ (ಎಫ್‌ಸಿಆರ್‌ಎ) ತಿದ್ದುಪಡಿಯಾಗಿ ವಿದೇಶಿ ದೇಣಿಗೆಯಲ್ಲಿ ಆಡಳಿತಕ್ಕೆ ಖರ್ಚು ಮಾಡಬಹುದಾದ ಪಾಲು ಶೇ 50ರಿಂದ 20ಕ್ಕೆ ಇಳಿಯಿತು. ಒಂದು ಸಂಸ್ಥೆ ಪಡೆದದ್ದನ್ನು ಇನ್ನೊಂದಕ್ಕೆ ದಾಟಿಸುವುದೂ ನಿಂತಿತು. ಹಳೆಯ ಒಪ್ಪಂದ ಹಳೆಯ ದರಕ್ಕೇ ಎಂಬ ಸೌಲಭ್ಯ ಅಲ್ಲಿರಲಿಲ್ಲ. ತಾಲ್ಲೂಕು ಮಟ್ಟದ ಪುಟ್ಟ ಸಂಸ್ಥೆಗಳು ಬೆಂಗಳೂರಿನ ದೊಡ್ಡ ಸಂಸ್ಥೆಗಳ ಮೂಲಕವೇ ಹಣ ಕಾಣುತ್ತಿದ್ದವು. ಆ ಕಾಲುವೆ ಮುಚ್ಚಿತು.

ಯಾರು ಕೊಡುತ್ತಿದ್ದರು, ಯಾರ ಖಾತೆಗೆ?

ನಮ್ಮ ದರ ಇಷ್ಟು ಕಡಿಮೆಯಾದದ್ದಕ್ಕೆ ಕಾರಣ ಬರಿಯ ಜಿಪುಣತನವಲ್ಲ, ಇತಿಹಾಸವೂ ಹೌದು. ಬಳ್ಳಾರಿ ಬಳಿಯ ಹಗರಿ ಕೃಷಿ ಸಂಶೋಧನಾ ಕೇಂದ್ರ 1906ರದು. ಸಿರುಗುಪ್ಪದ ಕೇಂದ್ರ 1937ರದು. ತುಂಗಭದ್ರೆಗೆ ಇನ್ನೂ ಅಣೆಕಟ್ಟು ಬಂದಿರದ ಕಾಲದಲ್ಲಿ, ಈ ಎರೆಭೂಮಿಗೆ ಕಾಲುವೆ ನೀರು ಹರಿಸಿದರೆ ಮಣ್ಣು ಹೇಗೆ ವರ್ತಿಸೀತು ಎಂದು ನೋಡಲು ಅಂದಿನ ಮದರಾಸು ಸರ್ಕಾರ ತೆರೆದದ್ದು. ಆಗ ಜಮೀನು, ಬಾವಿ, ಆಳು, ವಿಜ್ಞಾನಿ, ಕ್ವಾರ್ಟರ್ಸು ಎಲ್ಲವೂ ಸರ್ಕಾರದ ಬಜೆಟ್ಟಿನಲ್ಲೇ. ನೇರ, ಪರೋಕ್ಷ ಎಂಬ ಗೆರೆ ಎಳೆಯುವ ಅಗತ್ಯವೇ ಬೀಳಲಿಲ್ಲ. ಆಮೇಲೆ ಐಸಿಎಆರ್‌ನ ಅಖಿಲ ಭಾರತ ಸಮನ್ವಿತ ಯೋಜನೆಗಳು ಬಂದಾಗಲೂ ಕೇಂದ್ರ 75, ರಾಜ್ಯ 25 ಎಂಬ ಹಂಚಿಕೆಯಾಯಿತು. ಸಿರುಗುಪ್ಪದ ಕೇಂದ್ರ ಇಂದು ರಾಯಚೂರು ಕೃಷಿ ವಿಶ್ವವಿದ್ಯಾಲಯದ್ದು. ಅದರ ಪ್ರಯೋಗ ತಾಕು, ಅಲ್ಲಿನ ಕಾರ್ಮಿಕರು, ದಶಕಗಳ ಮಳೆ-ಮಣ್ಣಿನ ದಾಖಲೆ ಯಾವುದೇ ಹೊಸ ಯೋಜನೆಗೆ ಪುಕ್ಕಟೆ ಸಿಗುವ ಬಂಡವಾಳ. ಕಾಲುವೆ ಬಂದ ಮೇಲೆ ಅಚ್ಚುಕಟ್ಟಿನಲ್ಲಿ ಹಬ್ಬಿದ ಸವಳು-ಜವಳನ್ನು ಅರಿಯಲು ಇಂಥ ದಾಖಲೆ ಇಲ್ಲದೆ ಯಾವ ಯಂತ್ರವೂ ಕೆಲಸಕ್ಕೆ ಬಾರದು. ಅಂಥ ದಾಖಲೆಯ ಪಾಲನೆಗೆ ಯಾವ ಮಂಜೂರಾತಿ ಆದೇಶದಲ್ಲೂ ಹೆಡ್ ಇಲ್ಲ.

ಮನೆ ಆಗಲೇ ಕಟ್ಟಿದೆ, ನೀವು ಅಡುಗೆ ಸಾಮಾನು ತಂದರೆ ಸಾಕು ಎಂಬ ಊಹೆಯ ಮೇಲೆ ನಿಂತಿದೆ ಈ ಶೇ 10. ಹಳೆಯ ಸಂಸ್ಥೆಗಳಿಗೆ ಈ ಊಹೆ ನಿಜ. 2010ರಿಂದ ಈಚೆಗೆ ಹುಟ್ಟಿದ ವಿಶ್ವವಿದ್ಯಾಲಯಗಳಿಗೆ ಅಲ್ಲ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯಿಂದ ಕಟ್ಟಡ ಎದ್ದೀತು. ಕಟ್ಟಡದೊಳಗೆ ಯಂತ್ರ ನೋಡಿಕೊಳ್ಳುವ ಕಾಯಂ ತಂತ್ರಜ್ಞ, ಜೆಸ್ಕಾಂ ಬಿಲ್ಲು, ಮೂರು ವರ್ಷದ ವಾರಂಟಿ ಮುಗಿದ ಮೇಲಿನ ನಿರ್ವಹಣಾ ಒಪ್ಪಂದ (ಎಎಂಸಿ) ವರ್ಷವರ್ಷ ಬೇಕಾದವು. ಯೋಜನೆ ಮುಗಿದ ದಿನ ಎಕ್ವಿಪ್‌ಮೆಂಟ್ ಹೆಡ್ ಮುಚ್ಚುತ್ತದೆ, ಯಂತ್ರ ಉಳಿಯುತ್ತದೆ. ಉಳಿದ ಹಣದ ಬಡ್ಡಿಯಿಂದಾದರೂ ನಿಭಾಯಿಸೋಣ ಎಂದರೆ 2017ರ ಸಾಮಾನ್ಯ ಹಣಕಾಸು ನಿಯಮಗಳ 230ನೆಯ ನಿಯಮ ಅಡ್ಡ ನಿಂತಿದೆ: ಅನುದಾನದ ಮೇಲೆ ಹುಟ್ಟಿದ ಬಡ್ಡಿ ಕೇಂದ್ರದ ಸಂಚಿತ ನಿಧಿಗೆ ಮರಳಬೇಕು. ಹಾಗಾಗಿ ಇಡೀ ಯೋಜನೆಯಲ್ಲಿ ಸಂಸ್ಥೆಯ ಕೈಗೆ ಸ್ವತಂತ್ರವಾಗಿ ಬರುವ ದುಡ್ಡು ಓವರ್‌ಹೆಡ್ ಒಂದೇ.

ಅದು ಬಂದ ಮೇಲೆ ಎಲ್ಲಿಗೆ ಹೋಗುತ್ತದೆ? ಸಾಮಾನ್ಯ ಖಾತೆಗೆ ಬಿದ್ದು ಕರಗುವುದೇ ಹೆಚ್ಚು. ಯೋಜನೆಯ ಮುಖ್ಯ ಸಂಶೋಧಕರು (ಪಿಐ) ತಮ್ಮ ಲ್ಯಾಬಿನ ಯುಪಿಎಸ್ಸಿಗೆ ಬ್ಯಾಟರಿ ಕೇಳಿ ಟಿಪ್ಪಣಿ ಬರೆದರೆ ‘ಅನುದಾನ ಲಭ್ಯವಿರುವುದಿಲ್ಲ’ ಎಂಬ ಷರಾ ಬರುತ್ತದೆ. ತಮ್ಮ ಯೋಜನೆಯೇ ತಂದ ಲಕ್ಷ ಎಲ್ಲಿದೆ ಎಂದು ಕೇಳುವ ದಾರಿ ಅವರಿಗಿಲ್ಲ. ದರ ಏರಿಸಿ ಎಂದು ದಿಲ್ಲಿಗೆ ಬರೆಯುವ ಮೊದಲು ನಮ್ಮ ರಾಜ್ಯ ವಿವಿಗಳು ಮಾಡಬಹುದಾದ ಕೆಲಸ ಇಲ್ಲಿದೆ: ಬಂದ ಓವರ್‌ಹೆಡ್ಡಿನಲ್ಲಿ ವಿಭಾಗಕ್ಕೆಷ್ಟು, ಕೇಂದ್ರ ಉಪಕರಣಾಲಯಕ್ಕೆಷ್ಟು, ಆಡಳಿತಕ್ಕೆಷ್ಟು ಎಂದು ಸಿಂಡಿಕೇಟ್ ಒಮ್ಮೆ ತೀರ್ಮಾನಿಸಿ, ವರ್ಷದ ಕೊನೆಗೆ ಲೆಕ್ಕ ಗೋಡೆಗೆ ಅಂಟಿಸುವುದು. ಸ್ಟ್ಯಾನ್‌ಫರ್ಡಿನ ಹೂವಿನ ಬಿಲ್ಲು ಕಲಿಸಿದ್ದು ಇಷ್ಟೇ. ಲೆಕ್ಕ ತೋರಿಸಲಾಗದವರ ದರವನ್ನು ಯಾರು ಬೇಕಾದರೂ ಇಳಿಸಬಹುದು.

2023ರ ಕಾಯ್ದೆಯಿಂದ ಹುಟ್ಟಿದ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ಈಗ ಸರ್ಬ್‌ನ ಜಾಗಕ್ಕೆ ಬಂದಿದೆ. ಐದು ವರ್ಷಕ್ಕೆ 50,000 ಕೋಟಿಯ ಮಾತು, ಅದರಲ್ಲಿ ಬಹುಪಾಲು ಸರ್ಕಾರೇತರ ಮೂಲದಿಂದ. ರಾಜ್ಯ ವಿವಿಗಳನ್ನು ಮೇಲೆತ್ತುವುದು ಅದರ ಘೋಷಿತ ಉದ್ದೇಶ. ಉದ್ದೇಶ ನಿಜವಾದರೆ ಮುಟ್ಟಬೇಕಾದದ್ದು ಈ ತಳದ ಸಾಲನ್ನೇ. ಶೇಕಡಾ ಏರಿಸುವುದಕ್ಕಿಂತ ಸಣ್ಣ ಯೋಜನೆಗೊಂದು ಕನಿಷ್ಠ ಮೊತ್ತ, ಉದಾಹರಣೆಗೆ ಯೋಜನೆ ಎಷ್ಟೇ ಚಿಕ್ಕದಿದ್ದರೂ ಸಂಸ್ಥೆಗೆ ವರ್ಷಕ್ಕೆ ಇಷ್ಟು ಖಚಿತ ಎಂದಾದರೆ, ಬಳ್ಳಾರಿಗೆ ಆಗುವ ಉಪಕಾರ ದೊಡ್ಡದು. ಬೆಂಗಳೂರಿಗೆ ಅದರಿಂದ ನಷ್ಟವೂ ಇಲ್ಲ.

ಅಷ್ಟರವರೆಗೆ ಇನ್ನೊಂದು ಲೆಕ್ಕ ಬಾಕಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋಯಿತು. ಎಲ್ಲ 33 ಗೇಟುಗಳನ್ನೂ ಬದಲಿಸಲೆಂದು 2025-26ರ ಎರಡನೆಯ ಬೆಳೆಗೆ ಕಾಲುವೆಗೆ ನೀರಿಲ್ಲವೆಂದು ತೀರ್ಮಾನವಾಯಿತು. ರೈತರ ನಷ್ಟದ ಮುಂದೆ ಸಂಶೋಧಕರದು ಯಾವ ಲೆಕ್ಕಕ್ಕೂ ಬಾರದು, ನಿಜ. ಆದರೂ ಸಿರುಗುಪ್ಪದ ಅಚ್ಚುಕಟ್ಟಿನಲ್ಲಿ ಎರಡು ಭತ್ತದ ಬೆಳೆ ನೋಡಿಯೇ ಮುಗಿಸಬೇಕಾದ ಯಾವುದೇ ಯೋಜನೆ ಒಂದು ಹಂಗಾಮು ಕಳೆದುಕೊಂಡಂತೆ. ಅಂಥವರು ಅನುದಾನ ಸಂಸ್ಥೆಗೆ ಬರೆದುಕೊಂಡರೆ ಸಿಗುವುದು ‘ನೋ-ಕಾಸ್ಟ್ ಎಕ್ಸ್‌ಟೆನ್ಷನ್’: ಅವಧಿ ಮುಂದಕ್ಕೆ, ಹಣ ಅಷ್ಟೇ. ಆ ಹೆಚ್ಚುವರಿ ತಿಂಗಳುಗಳಲ್ಲಿ ಫ್ರೀಜರಿನಲ್ಲಿ ಮಾದರಿಗಳಿರುತ್ತವೆ, ಖಾತೆ ತೆರೆದಿರುತ್ತದೆ, ಇನ್ನೊಂದು ಯುಸಿ ಹೋಗಬೇಕಿರುತ್ತದೆ. ಆ ಅವಧಿಯ ಓವರ್‌ಹೆಡ್ ದರ ಶೇಕಡಾ ಸೊನ್ನೆ.